ಏಳು ದಂಡ, ಇಪ್ಪತ್ತೊಂಬತ್ತು ನಟ್ಟು

“ರೀ, ಈ ಏಳು ದಂಡ ಯಾವುದಕ್ಕೆ ಕಟ್ಟಿದ್ದು?”

ಬೆಳಗ್ಗೆ ಹಲ್ಲುಜ್ಜುತ್ತಾ ನಿಂತಿದ್ದಾಗ ಈ ಪ್ರಶ್ನೆ ಬಂತು. ನನ್ನವಳ ಕೈಯಲ್ಲಿ ಮನೆಖರ್ಚಿನ ಪುಸ್ತಕ. ಹಾಲು, ಕರೆಂಟು ಬಿಲ್ಲಿನ ಕೆಳಗೆ ನನ್ನದೇ ಕಾಗೆ ಕಾಲಿನ ಅಕ್ಷರ: ದಂಡ – 7. ಕೊಪ್ಪರಿಗೆ – 1. ನಿಲುವಂಗಿ – 3. ಗೂಬೆ – ? ಪಕ್ಕದಲ್ಲಿ ಸುತ್ತ ಗೀಟು ಎಳೆದು, 29 ನಟ್ಟು = 1. ಬಾಯಿತುಂಬ ನೊರೆ ಇದ್ದದ್ದು ಒಳ್ಳೆಯದೇ ಆಯಿತು, ಉತ್ತರ ಹುಡುಕಲು ಅರ್ಧ ನಿಮಿಷ ಸಿಕ್ಕಿತು. ಅಷ್ಟರಲ್ಲಿ ಆಕೆ ತಾನೇ ತೀರ್ಪು ಬರೆದಾಗಿತ್ತು: ಸಿಗ್ನಲ್ ಹಾರಿಸಿ ಏಳು ಸಲ ದಂಡ ಕಟ್ಟಿದ್ದೀನಿ, ಗಾಡಿಯ ನಟ್ಟೆಲ್ಲ ಉದುರಿದೆ, ಈಗ ಯಾರ ಮೇಲೆ ಗೂಬೆ ಕೂರಿಸೋದು ಅಂತ ಯೋಚನೆ ಮಾಡ್ತಿದ್ದೀನಿ.

ನಿಜ ಹೇಳಿದರೆ ಇನ್ನೂ ಕಷ್ಟ. ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ನಾನು ಲೆಕ್ಕ ಹಾಕುತ್ತಿದ್ದದ್ದು ಮಗಳನ್ನು ‘ಹ್ಯಾರಿ ಪಾಟರ್’ ಕಥೆಗಳಲ್ಲಿ ಬರುವ ಮಾಯಾಶಾಲೆ ಹಾಗ್ವಾರ್ಟ್ಸ್‌ಗೆ ಸೇರಿಸಲು ಎಷ್ಟಾಗುತ್ತದೆ ಎಂದು.

ಮಗಳಿಗೆ ಮುಂದಿನ ತಿಂಗಳು ಹನ್ನೊಂದು ತುಂಬುತ್ತದೆ. ಆ ಮಾಯಾಶಾಲೆಯಿಂದ ಗೂಬೆ ಕಾಗದ ಹೊತ್ತು ತರುವ ವಯಸ್ಸು. “ಅಪ್ಪಾ, ಅದು ಕಥೆ ಅಂತ ನಂಗೆ ಗೊತ್ತು. ಆದರೂ ಕಾಗದ ಬಂದುಬಿಟ್ಟರೆ ನಮ್ಮ ಹತ್ರ ದುಡ್ಡಿದೆಯಾ?” ಎಂದಳು. ಕಥೆ ಅಂದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು, ಆ ‘ಆದರೂ’ ನನ್ನನ್ನು ಹಿಡಿದು ಕೂರಿಸಿತು.

ಮೊದಲ ಎಡವಟ್ಟು ಅಲ್ಲಿನ ನಾಣ್ಯದ್ದು. 29 ಕ್ನಟ್ ಸೇರಿದರೆ ಒಂದು ಸಿಕಲ್, 17 ಸಿಕಲ್ ಸೇರಿದರೆ ಒಂದು ಗ್ಯಾಲಿಯನ್. ಅಂದರೆ ಒಂದು ಗ್ಯಾಲಿಯನ್‌ಗೆ 493 ಕ್ನಟ್. ಹದಿನೇಳು, ಇಪ್ಪತ್ತೊಂಬತ್ತು ಎರಡೂ ಅವಿಭಾಜ್ಯ ಸಂಖ್ಯೆಗಳು. ಅರ್ಧ ಮಾಡಿ, ಮುಕ್ಕಾಲು ಮಾಡಿ, ಒಂದಾದರೂ ಸಮ ಬರಬೇಕಲ್ಲ! ಹಾಗೆ ನೋಡಿದರೆ ಬ್ರಿಟಿಷರಿಗೆ ಇದು ಹೊಸದಲ್ಲ. 1971ರ ಫೆಬ್ರುವರಿ 15ರವರೆಗೆ ಅವರ ಅಸಲಿ ಪೌಂಡಿಗೇ 20 ಶಿಲಿಂಗು, ಶಿಲಿಂಗಿಗೆ 12 ಪೆನ್ನಿ. ಆದರೆ ಹನ್ನೆರಡು, ಇಪ್ಪತ್ತು ಎಷ್ಟೋ ಮರ್ಯಾದಸ್ಥ ಸಂಖ್ಯೆಗಳು, ಹೇಳಿದ ಹಾಗೆ ಭಾಗವಾಗುತ್ತವೆ.

ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಹಾಕಿದರೆ ಸುಲಭವಾದೀತೆಂದು ಸಿಕಲ್‌ನ ಮುಂದೆ ಚುಕ್ಕಿ ಇಟ್ಟು ಕ್ನಟ್ ಬರೆಯುತ್ತಾ ಹೋದೆ. ಮಾಯಾಮದ್ದಿನ ಪಾನಕ ಕಾಯಿಸುವ ಪಾಠಕ್ಕೆ ಬೇಕಾಗುವ ಜೀರುಂಡೆ ಕಣ್ಣು, ಒಂದು ಸೌಟಿಗೆ 5 ಕ್ನಟ್. ಇರಲಿ ಅಂತ ನಾಲ್ಕು ಸೌಟು ಹಿಡಿದು 0.20 ಎಂದು ಬರೆದೆ. ಹಾಳೆ ಆ ಸೊನ್ನೆಯನ್ನು ಗುಳುಂ ಮಾಡಿ 0.2 ಎಂದು ತೋರಿಸಿತು. ಇಪ್ಪತ್ತು ಹೋಗಿ ಎರಡಾಯಿತು. ಹದಿನೆಂಟು ಕ್ನಟ್ ಎಲ್ಲಿ ಹೋಯಿತೆಂದು ಮುಕ್ಕಾಲು ಗಂಟೆ ಹುಡುಕಿದ್ದೇನೆ. ಅಷ್ಟು ಶ್ರದ್ಧೆಯಿಂದ ನನ್ನ ಸಂಬಳದ ಚೀಟಿಯನ್ನು ಯಾವತ್ತೂ ನೋಡಿದವನಲ್ಲ. ಕೊನೆಗೆ ಕಂಪ್ಯೂಟರ್ ಮುಚ್ಚಿ, ಕೈಗೆ ಸಿಕ್ಕಿದ ಮನೆಖರ್ಚಿನ ಪುಸ್ತಕ ಎಳೆದುಕೊಂಡೆ. ಬೆಳಗಿನ ರಾದ್ಧಾಂತದ ಮೂಲ ಅದು.

ಆಮೇಲೆ ವಿನಿಮಯ ದರ. ಗ್ಯಾಲಿಯನ್ ಅಂದರೆ ಸುಮಾರು ಐದು ಪೌಂಡು ಎಂದು ಲೇಖಕಿ ರೌಲಿಂಗ್ 2001ರಲ್ಲಿ ಹೇಳಿದ್ದರು. ಅದೇ ವರ್ಷ ಕಾಮಿಕ್ ರಿಲೀಫ್ ಎಂಬ ದತ್ತಿಸಂಸ್ಥೆಗಾಗಿ ಹೊರಬಂದ, ಆ ಶಾಲೆಯದೇ ಪುಟ್ಟ ಪಠ್ಯಪುಸ್ತಕದ ಮೇಲೆ ಎರಡೂವರೆ ಪೌಂಡು, ಅಂದರೆ 14 ಸಿಕಲ್ 3 ಕ್ನಟ್ ಎಂದು ಅಚ್ಚಾಗಿತ್ತು. ಆ ಲೆಕ್ಕ ಹಿಡಿದರೆ ಗ್ಯಾಲಿಯನ್ ಮೂರೇ ಪೌಂಡು! ಒಂದೇ ವರ್ಷ, ಒಂದೇ ಕೈ, ಎರಡು ದರ. ಆ ಲೋಕದ ಗ್ರಿಂಗಾಟ್ಸ್ ಬ್ಯಾಂಕಿನ ಕೌಂಟರಿನಲ್ಲಿ ಕೂತ ಕುಳ್ಳ ಜೀವಿಗಳಾದ ಗಾಬ್ಲಿನ್‌ಗಳು ಮಧ್ಯದ ಎರಡು ಪೌಂಡು ನುಂಗುತ್ತಾರೆಂದೇ ನನ್ನ ಗುಮಾನಿ.

ಮಂತ್ರದಂಡಕ್ಕೆ 7 ಗ್ಯಾಲಿಯನ್. ಜೀವಮಾನವಿಡೀ ಬಾಳುವ ವಸ್ತು, ಗೊಣಗಬಾರದು. ಆದರೆ ಆರನೆಯ ವರ್ಷದ ಪಾನಕಶಾಸ್ತ್ರದ ಪುಸ್ತಕ ಹೊಸದಾದರೆ 9 ಗ್ಯಾಲಿಯನ್! ದಂಡಕ್ಕಿಂತ ಪುಸ್ತಕವೇ ದುಬಾರಿ. ಅದೇ ವರ್ಷ ಇದ್ದಲ್ಲಿಂದ ಮಾಯವಾಗಿ ಇನ್ನೊಂದು ಕಡೆ ಪ್ರತ್ಯಕ್ಷವಾಗುವ ವಿದ್ಯೆಗೆ ಹನ್ನೆರಡು ವಾರದ ತರಬೇತಿ, 12 ಗ್ಯಾಲಿಯನ್. ಅದು ಶಾಲೆಯಲ್ಲೇ ನಡೆದರೂ ದುಡ್ಡು ಬೇರೆ. ಮೊದಲ ವರ್ಷದ ಪಟ್ಟಿಯಂತೂ ಬಿಡಿ: ಕಪ್ಪು ನಿಲುವಂಗಿ ಮೂರು, ಚೂಪು ಟೋಪಿ, ಡ್ರ್ಯಾಗನ್ ಚರ್ಮದಂಥ ಕೈಗವಸು, ಎರಡನೇ ನಂಬರಿನ ಪ್ಯೂಟರ್ ಕೊಪ್ಪರಿಗೆ, ದೂರದರ್ಶಕ, ಹಿತ್ತಾಳೆ ತಕ್ಕಡಿ. ಕಥಾನಾಯಕ ಹ್ಯಾರಿಗೆ ಗೂಬೆಯನ್ನು ಶಾಲೆಯ ಕಾವಲುಗಾರ ಹ್ಯಾಗ್ರಿಡ್ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಡಿಸಿದ. ಉಡುಗೊರೆಗೆ ಬೆಲೆ ಕೇಳುವಂತಿಲ್ಲ, ಹಾಗಾಗಿ ನನ್ನ ಪುಸ್ತಕದಲ್ಲಿ ಪ್ರಶ್ನಾರ್ಥಕ ಚಿಹ್ನೆ.

ನನ್ನ ಕರುಳು ಚುರಕ್ಕೆಂದದ್ದು ಹ್ಯಾರಿಯ ಗೆಳೆಯನ ಅಪ್ಪ ಅಮ್ಮ, ವೀಸ್ಲಿ ದಂಪತಿಯ ವಿಷಯದಲ್ಲಿ. ಎರಡನೆಯ ವರ್ಷ ಲಾಕ್‌ಹಾರ್ಟ್ ಎಂಬ ಹೊಸ ಮೇಷ್ಟ್ರು ಬರುತ್ತಾರೆ. ಬಂದವರೇ ತಾವೇ ಬರೆದ ಏಳು ಪುಸ್ತಕಗಳನ್ನು ಪಟ್ಟಿಗೆ ಸೇರಿಸುತ್ತಾರೆ, ಆ ವರ್ಗ ಈ ವರ್ಗ ಎನ್ನದೆ ಎಲ್ಲರಿಗೂ. ವೀಸ್ಲಿ ಮನೆಯಿಂದ ಆ ವರ್ಷ ಶಾಲೆಗೆ ಹೋಗುವವರು ಐವರು. ಏಳೈದಲ ಮೂವತ್ತೈದು. ಬ್ಯಾಂಕಿನ ತಿಜೋರಿ ತೆಗೆದರೆ ಒಂದೇ ಒಂದು ಗ್ಯಾಲಿಯನ್, ಒಂದಿಷ್ಟು ಸಿಕಲ್. ಆ ತಾಯಿ ಅದನ್ನೂ ಗೋರಿಕೊಂಡು ಹೊರಡುತ್ತಾಳೆ. ಪುಸ್ತಕ ಬರೆದವರೂ ಮೇಷ್ಟ್ರೇ, ಕೊಳ್ಳಿ ಎಂದವರೂ ಮೇಷ್ಟ್ರೇ! ಮಂತ್ರವೇ ಬೇಕಿಲ್ಲದ ಈ ವಿದ್ಯೆ ಎಲ್ಲ ಲೋಕಗಳಲ್ಲೂ ನಡೆಯುತ್ತದೆ ನೋಡಿ.

ಅವರ ಮಗ ರಾನ್‌ದು ಅಣ್ಣ ಬಿಟ್ಟ ಹಳೇ ದಂಡ. ಅದು ಮುರಿದಾಗ ಟೇಪು ಸುತ್ತಿಕೊಂಡು ವರ್ಷ ನೂಕಿದ. ಶತ್ರುವಿನ ಮೇಲೆ ಬಿಟ್ಟ ಮಂತ್ರ ಹಿಂಬದಿಯಿಂದ ಹೊರಟು ಅವನಿಗೇ ಬಡಿದು, ಪಾಪ, ಸಿಂಬಳದ ಹುಳು ಕಾರಿಕೊಂಡ. ಅಪ್ಪನಿಗೆ ಪತ್ರಿಕೆಯೊಂದರ ಲಾಟರಿಯಲ್ಲಿ 700 ಗ್ಯಾಲಿಯನ್ ಬರುವ ತನಕ ಹೊಸ ದಂಡ ಬರಲಿಲ್ಲ. ಆ ದುಡ್ಡಲ್ಲಿ ಮೊದಲು ಮನೆಮಂದಿಯೆಲ್ಲ ಈಜಿಪ್ಟ್ ನೋಡಿಬಂದರು ಅನ್ನಿ. ನಾನೂ ಹಾಗೇ ಮಾಡುತ್ತಿದ್ದೆ.

ಇಷ್ಟೆಲ್ಲವನ್ನೂ ನೊರೆ ಉಗಿದು ವಿವರಿಸಿದೆ. ನನ್ನವಳು ಕೊನೆಯವರೆಗೂ ಕೇಳಿ, “ಸರಿ, ಫೀಸು ಎಲ್ಲಿ?” ಎಂದಳು.

ಎದೆ ಧಸಕ್ಕೆಂದಿತು. ಜೀರುಂಡೆ ಕಣ್ಣಿನ ತನಕ ಹೋದವನು ಫೀಸನ್ನೇ ಮರೆತಿದ್ದೆ.

“ಫೀಸಿಲ್ಲ ಅಮ್ಮಾ,” ಒಳಗಿನಿಂದ ಮಗಳ ದನಿ. “ಅಲ್ಲಿನ ಮಾಯಾ ಸಚಿವಾಲಯವೇ ಪಾಠದ ಖರ್ಚು ಕೊಡುತ್ತೆ. 2015ರಲ್ಲೇ ರೌಲಿಂಗ್ ಟ್ವಿಟರ್‌ನಲ್ಲಿ ಹೇಳಿದ್ದಾರೆ. ಬಡವರಿಗೆ ಪುಸ್ತಕ, ಬಟ್ಟೆಗೆ ಶಾಲೆಯಲ್ಲೇ ನಿಧಿ ಇದೆ.”

“ಇದನ್ನ ನಿನ್ನೆಯೇ ಹೇಳೋಕೇನಾಗಿತ್ತು?”

“ನೀನು ಕೇಳಲಿಲ್ಲವಲ್ಲ. ಗೂಬೇನೂ ಬೇಡ ಅಪ್ಪ. ಗೂಬೆ ಅಥವಾ ಬೆಕ್ಕು ಅಥವಾ ಕಪ್ಪೆ ಅಂತ ಇದೆ ಪಟ್ಟೀಲಿ. ನಾನು ಕಪ್ಪೆ ತಗೊಂಡಿದ್ದೀನಿ.”

ಕಪ್ಪೆಯ ಕಾಲ ಮುಗಿದು ಎಷ್ಟೋ ವರ್ಷವಾಯಿತು, ಒಯ್ದರೆ ನಗುತ್ತಾರೆ ಎಂದು ಹ್ಯಾಗ್ರಿಡ್‌ನೇ ಹೇಳಿದ್ದಾನೆ ಎಂದು ವಾದಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಆ ‘ತಗೊಂಡಿದ್ದೀನಿ’ ಎಂಬ ಮಾತು ಅಮ್ಮನ ತಲೆಗೆ ಹೋಯಿತು.

“ತಗೊಂಡಿದ್ದೀನಿ ಅಂದ್ರೆ?”

ಮಗಳು ನನ್ನ ಹೊಸ ಶೂ ಬಂದಿದ್ದ ರಟ್ಟಿನ ಡಬ್ಬಿ ಹಿಡಿದು ಬಂದಳು. ಮುಚ್ಚಳಕ್ಕೆ ಪೆನ್ಸಿಲಿನಿಂದ ತೂತು ಕೊರೆದಿದ್ದಳು. ಒಳಗೆ ನಾಲ್ಕು ಒದ್ದೆ ಎಲೆ, ಬಾಟಲಿ ಮುಚ್ಚಳದಲ್ಲಿ ನೀರು. ಕಪ್ಪೆ ಇರಲಿಲ್ಲ. ಆ ಶಾಲೆಯ ನೆವಿಲ್ ಎಂಬ ಹುಡುಗನ ಕಪ್ಪೆಯೂ ರೈಲಿನಲ್ಲೇ ಕಳೆದುಹೋಗಿತ್ತಂತೆ, ಆಮೇಲೆ ಸಿಕ್ಕಿತಂತೆ. ಮಗಳು ಸಮಾಧಾನ ಹೇಳಿದಳು.

ಈಗ ರಾತ್ರಿ ಎಂಟೂವರೆ. ಕಪ್ಪೆ ಇನ್ನೂ ಸಿಕ್ಕಿಲ್ಲ. ನನ್ನವಳು ಸೋಫಾದ ಮೇಲೆ ಕಾಲು ಮಡಚಿ ಕೂತು, ಟಾರ್ಚು ಹಿಡಿದು ಮಂಚದಡಿ ತೆವಳುತ್ತಿರುವ ನನಗೆ ದಿಕ್ಕು ತೋರಿಸುತ್ತಿದ್ದಾಳೆ. ಮನೆಖರ್ಚಿನ ಪುಸ್ತಕದಲ್ಲಿ ಗೂಬೆಯನ್ನು ಹೊಡೆದುಹಾಕಿ ಅವಳ ಮುದ್ದಾದ ಅಕ್ಷರದಲ್ಲಿ ಒಂದು ಸಾಲು ಸೇರಿದೆ: ಕಪ್ಪೆ – 0. ಅದರ ಕೆಳಗೆ: ದಂಡ – ನಿಮ್ಮಪ್ಪ.