ಗೋಡೆಯಾಚೆಯ ರೊಟ್ಟಿಗೆ ಟ್ರ್ಯಾಕಿಂಗ್ ನಂಬರ್

ನಮ್ಮ ಹಿತ್ತಲ ಗೋಡೆ ಎದೆಮಟ್ಟದ್ದು. ಅದರಾಚೆ ಆಯಿಯ ಮನೆ. ಬೆಳಗಿನ ಜಾವ ನಾಲ್ಕಕ್ಕೆ ಆಕೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಈ ಊರಿಗೆ ಬಂದಾಗಿನಿಂದ ನನಗೆ ಅಲಾರ್ಮಿನ ಗರಜು ಬಿದ್ದಿಲ್ಲ. ರೊಟ್ಟಿ ಬೇಕಾದರೆ ಗೋಡೆ ಮೇಲೆ ತಾಟು ಇಟ್ಟು ಒಂದು ಕೂಗು ಹಾಕಿದರೆ ಸಾಕು, ಹತ್ತು ಕಟಕ ರೊಟ್ಟಿಯ ಮೇಲೆ ಒಂದು ಮುಷ್ಟಿ ಶೇಂಗಾ ಹಿಂಡಿ ಕೂತು ಬರುತ್ತದೆ. ರೊಕ್ಕ ತಿಂಗಳ ಕೊನೆಗೆ. ಹನ್ನೊಂದು ವರ್ಷದಲ್ಲಿ ಈ ಸರ್ವರ್ ಡೌನ್ ಆದದ್ದು ಒಂದೇ ಸಲ, ಮಗಳ ಬಾಣಂತನಕ್ಕೆ ಆಯಿ ಜೇವರ್ಗಿಗೆ ಹೋದಾಗ.

ಈಗ ತಿಳಿದದ್ದೇನೆಂದರೆ, ಇಷ್ಟು ವರ್ಷ ನಾವಿಬ್ಬರೂ ಸಂಪರ್ಕದಲ್ಲೇ ಇರಲಿಲ್ಲವಂತೆ.

ಹಾಗೆಂದು ಹೇಳಿದವರು ಆ್ಯಪ್‌ನವರು. ಸ್ಥಳೀಯ ಆಹಾರ ತಯಾರಿಸುವವರನ್ನೂ ತಿನ್ನುವವರನ್ನೂ ಜೋಡಿಸುವ ಹೊಸ ಆನ್‌ಲೈನ್ ಸಂತೆಯ ಉದ್ಘಾಟನೆ ಕಲಬುರಗಿಯ ಎಸಿ ಸಭಾಂಗಣವೊಂದರಲ್ಲಿ ನಡೆಯಿತು. ಉತ್ಪಾದಕ ಮತ್ತು ಗ್ರಾಹಕರ ನಡುವಿನ ಕಂದಕವನ್ನು ಪರದೆ ಮೇಲೆ ಬಣ್ಣದ ಚಿತ್ರದಲ್ಲಿ ತೋರಿಸಿದರು. ವೇದಿಕೆಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಒಂದು ಬಟ್ಟಲು ತೊಗರಿ ಬೇಳೆ, ಬಾಡಿದ ಪುಂಡಿಪಲ್ಲೆಯ ಕಟ್ಟು. ಮೇಲೆ ‘ಮುಟ್ಟಬೇಡಿ’ ಎಂಬ ಚೀಟಿ. ಊಟಕ್ಕೆ ಪಲಾವ್ ಮತ್ತು ಗೋಬಿ ಮಂಚೂರಿ. ನೆಲದ ಆಹಾರದ ಮಹತ್ವ ಕುರಿತು ಮುಕ್ಕಾಲು ತಾಸು ಮಾತಾಡಿದವರು ಗೋಬಿಗೆ ಎರಡನೇ ಸಲ ಸಾಲಿನಲ್ಲಿ ನಿಂತಿದ್ದರು.

‘ಮಧ್ಯವರ್ತಿಗಳೇ ಇಲ್ಲದ ಮಾರುಕಟ್ಟೆ’ ಎಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ನನ್ನ ಪಕ್ಕ ಕೂತಿದ್ದ ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ದಲ್ಲಾಳಿ. ಗಾಬರಿಯಾಗಿ ಮುಖ ನೋಡಿದೆ. ‘ಗಂಜಿಗೆ ಆನ್‌ಲೈನ್ ಟೆಂಡರ್ ಬಂದಾಗೂ ಹಿಂಗೇ ಅಂದಿದ್ರು ನೋಡ್ರಿ. ಅವಾಗ ನನ್ನ ಹಿಂದಿನ ಸಾಲಿನಾಗ ಕೂಡಿಸಿದ್ರು, ಈಗ ಮುಂದಿನ ಸಾಲು ಕೊಟ್ಟಾರ’ ಎಂದರು.

ಮರುದಿನವೇ ಆಯಿಯ ಮೊಮ್ಮಗ ಆಕೆಯ ಹೆಸರಲ್ಲಿ ಅಂಗಡಿ ತೆರೆಯಲು ಕೂತ. ನಾನು ಗೋಡೆಯ ಈಚೆಯಿಂದ ಸಲಹೆಗಾರ. ಮೊದಲ ಪ್ರಶ್ನೆಗೇ ನಿಂತೆವು. ಊರಿನ ಪಟ್ಟಿಯಲ್ಲಿ ಕಲಬುರಗಿ ಇಲ್ಲ, ಗುಲ್ಬರ್ಗಾ ಇದೆ. ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ. ಆದರೆ ಆ್ಯಪ್ ಒಂದನ್ನೇ ದೂರಿದರೆ ಪಾಪ ತಟ್ಟುತ್ತದೆ. ನಮ್ಮ ತೊಗರಿಗೆ ಜಿಐ (ಭೌಗೋಳಿಕ ಗುರುತು) ಪಟ್ಟ ಸಿಕ್ಕಿದ್ದು 2019ರಲ್ಲಿ, ಊರಿನ ಹೆಸರು ಬದಲಾಗಿ ಹತ್ತಿರಹತ್ತಿರ ಐದು ವರ್ಷಕ್ಕೆ. ಆ ಪಟ್ಟದಲ್ಲೂ ‘ಗುಲ್ಬರ್ಗಾ ತೂರ್ ದಾಲ್’ ಎಂದೇ ಇದೆ. ಹೀಗಾಗಿ ಬೇಳೆ ಗುಲ್ಬರ್ಗಾದ್ದು, ರೊಟ್ಟಿ ಕಲಬುರಗಿಯದ್ದು. ಒಂದೇ ತಾಟಿನಲ್ಲಿ ಎರಡು ಊರು.

ಮುಂದೆ ಅಳತೆ. ಕಿಲೋನೋ ಲೀಟರೋ ಎಂದು ಕೇಳಿತು. ಆಯಿಗೆ ಗೊತ್ತಿರುವುದು ಡಜನ್ನು. ರೊಟ್ಟಿಗೆ ಬೇರೆ ಜಾಗವೇ ಇಲ್ಲದ ಕಾರಣ ‘ಬಿಸ್ಕಿಟ್ ಮತ್ತು ಕ್ರ್ಯಾಕರ್ಸ್’ ಮನೆಗೆ ಅದನ್ನು ದತ್ತು ಕೊಟ್ಟೆವು. ಫೋಟೊ ಬಿಳಿ ಹಿನ್ನೆಲೆಯಲ್ಲೇ ಇರಬೇಕು. ಆಯಿಯದು ಅಪ್ಪಟ ಬಿಳಿಜೋಳ. ನಾಲ್ಕು ಸಲ ಕಳಿಸಿದರೂ ‘ವಸ್ತು ಕಾಣಿಸುತ್ತಿಲ್ಲ’ ಎಂದು ತಿರುಗಿ ಬಂತು. ಐದನೇ ಸಲ ಒಂದು ಮಗ್ಗಲು ತುಸು ಹೊತ್ತಿದ ರೊಟ್ಟಿ ಇಟ್ಟೆವು, ಪಾಸಾಯಿತು. ಆಯಿ ದನಕ್ಕೆಂದು ತೆಗೆದಿಟ್ಟಿದ್ದ ರೊಟ್ಟಿ ಅದು.

‘ನಿಮ್ಮ ಉತ್ಪನ್ನದ ಹಿಂದಿನ ಕಥೆ ಬರೆಯಿರಿ’ ಎಂಬ ಕಲಮಿತ್ತು. ‘ಕತಿ ಏನದ? ನಾಕಕ್ಕ ಏಳ್ತೀನಿ, ಬಡೀತೀನಿ’ ಎಂದಳು. ಮೊಮ್ಮಗ ಅದನ್ನು ‘ತಲೆಮಾರುಗಳಿಂದ ಹರಿದುಬಂದ ಆರ್ಟಿಸನಲ್ ಸೋರ್ಗಮ್ ಫ್ಲಾಟ್‌ಬ್ರೆಡ್’ ಮಾಡಿದ. ಎಷ್ಟು ದಿನ ತಿನ್ನಬಹುದು ಎಂಬುದಕ್ಕೆ ಆಯಿಯ ಉತ್ತರ ಖಚಿತವಾಗಿತ್ತು: ‘ಮಮ್ಮಕ್ಕಳು ಮನ್ಯಾಗ ಇದ್ರ ಎರಡು ದಿನ, ಇಲ್ಲಂದ್ರ ಎರಡು ತಿಂಗಳು.’ ಅದನ್ನು ಆ್ಯಪ್ ಒಪ್ಪಲಿಲ್ಲ. ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು ಬೇಕೆಂದಿತು. ತನ್ನ ಫೋನ್ ನಂಬರಿನ ಹತ್ತು ಅಂಕಿಯೇ ನೆನಪಿರದ ಆಯಿ ಅದನ್ನು ಅಡುಗೆಮನೆಯ ಗೋಡೆ ಮೇಲೆ ಇದ್ದಿಲಿನಿಂದ ಬರೆಸಿಕೊಂಡಳು.

ನಿಜವಾದ ಮಜಾ ಇದ್ದದ್ದು ತೆರಿಗೆಯಲ್ಲಿ. ಆಯಿಯ ತವರು ಆಳಂದ ತಾಲ್ಲೂಕಿನ ಗಡಿಯಂಚಿನ ಹಳ್ಳಿ. ನೆಂಟರು, ಬೀಗರು, ಗಿರಾಕಿಗಳು ಅರ್ಧದಷ್ಟು ಮಹಾರಾಷ್ಟ್ರದ ಅಕ್ಕಲಕೋಟೆ, ಸೊಲ್ಲಾಪುರದವರು. ಸೊಲ್ಲಾಪುರ ಇಲ್ಲಿಂದ ನೂರು ಚಿಲ್ಲರೆ ಕಿಲೋಮೀಟರ್. ಬೆಂಗಳೂರು ಹತ್ತಿರಹತ್ತಿರ ಆರುನೂರು. ಆನ್‌ಲೈನ್‌ನಲ್ಲಿ ಮಾರುವ ಸಣ್ಣವರಿಗೆ ಜಿಎಸ್‌ಟಿ ನೋಂದಣಿಯಿಂದ 2023ರ ಅಕ್ಟೋಬರ್ 1ರಿಂದ ವಿನಾಯಿತಿ ಇದೆ, ನಿಜ. ಆದರೆ ಸರಕು ರಾಜ್ಯದೊಳಗೇ ಸುತ್ತಬೇಕು. ಅಂದರೆ ಆಯಿಯ ರೊಟ್ಟಿ ಒಂದು ಹಗಲು ಒಂದು ರಾತ್ರಿ ಪ್ರಯಾಣಿಸಿ ಬೆಂಗಳೂರಿನ ಅಪಾರ್ಟ್‌ಮೆಂಟಿನ ಹದಿನಾಲ್ಕನೇ ಮಹಡಿ ಹತ್ತಿದರೆ ಅದು ಬಡ ಮುದುಕಿಯ ಸ್ವಯಂ ಉದ್ಯೋಗ. ಬಸ್ಸಿನಲ್ಲಿ ಎರಡು ನಿದ್ದೆ ತೆಗೆಯುವಷ್ಟರಲ್ಲಿ ಸಿಗುವ ಅಕ್ಕಲಕೋಟೆಗೆ ಹೋದರೆ ಅಂತರರಾಜ್ಯ ವ್ಯಾಪಾರ. ‘ನನ್ನ ತಂಗಿ ಅಕ್ಕಲಕೋಟ್ಯಾಗ ಇದ್ದಾಳ. ಬರಿಗೈಲೆ ಹೋಗ್ಲೇನು?’ ಎಂದು ಆಯಿ ಕೇಳಿದಳು. ತಂಗಿಗೆ ಪುಕ್ಕಟೆ ಕೊಟ್ಟರೆ ನಡೆಯುತ್ತದೆ ಎಂದೆ. ಹಾಗಿದ್ದರೆ ಇಷ್ಟು ದಿನ ತಾನು ಕಾನೂನುಬದ್ಧವಾಗಿಯೇ ಇದ್ದೆ ಎಂದು ಆಕೆಗೆ ಸಮಾಧಾನವಾಯಿತು, ಏಕೆಂದರೆ ತಂಗಿ ಎಂದೂ ರೊಕ್ಕ ಕೊಟ್ಟವಳಲ್ಲ.

ಬೇಳೆಯದು ಇನ್ನೊಂದು ಪುರಾಣ. ಚೀಲದಿಂದ ಸೇರಿನಲ್ಲಿ ಅಳೆದು ಕೊಟ್ಟರೆ ತೆರಿಗೆ ಇಲ್ಲ. ಅದನ್ನೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದರೆ 2022ರ ಜುಲೈ 18ರಿಂದ ನೂರಕ್ಕೆ ಐದು. ರೊಟ್ಟಿಯ ಮೇಲಿದ್ದ ಅಷ್ಟೇ ತೆರಿಗೆ 2025ರ ಸೆಪ್ಟೆಂಬರ್ 22ಕ್ಕೆ ಹೋಯಿತು. ಜಿಐ ಬೇಳೆಗೆ ಹೆಸರು ಕೊಟ್ಟಿತು, ಪೊಟ್ಟಣದ ಮೇಲೆ ಆ ಹೆಸರು ಬರೆದದ್ದಕ್ಕೆ ಜಿಎಸ್‌ಟಿ ಬಂತು. ಆಯಿ ಬೇಳೆಯನ್ನು ಪಟ್ಟಿಯಿಂದಲೇ ತೆಗೆಸಿದಳು.

ಅಂತೂ ಅಂಗಡಿ ತೆರೆಯಿತು. ಕನ್ನಡ ಬೇಕೆಂದು ಒತ್ತಿದರೆ ಆ್ಯಪ್ ‘ನಿಮ್ಮ ಬಂಡಿ ಖಾಲಿಯಿದೆ’ ಎನ್ನುತ್ತಿತ್ತು. ‘ಬಂಡಿ ಮಾರಿ ಇಪ್ಪತ್ತು ವರ್ಷ ಆತು, ಇವಂಗ ಯಾರು ಹೇಳಿದ್ರು?’ ಎಂದು ಆಯಿಗೆ ಸಂಶಯ.

ಮೊದಲ ಗಿರಾಕಿ ನಾನೇ ಆಗುವುದು ಧರ್ಮ. ಎಳ್ಳಮಾಸಿಗೆ (ಎಳ್ಳ ಅಮಾವಾಸ್ಯೆಗೆ) ಹೊಲಕ್ಕೆ ಒಯ್ಯಲು ಹತ್ತು ರೊಟ್ಟಿ ಒತ್ತಿದೆ. ಗೋಡೆ ಮೇಲೆ ಎಂಬತ್ತು ರೂಪಾಯಿಯದು ಪ್ಯಾಕಿಂಗ್, ಸಾಗಣೆ, ಪ್ಲಾಟ್‌ಫಾರ್ಮ್ ಶುಲ್ಕ ಸೇರಿ ನೂರಾ ತೊಂಬತ್ತಾರಕ್ಕೆ ನಿಂತಿತು. ಆಯಿಯ ಖಾತೆಗೆ ಐವತ್ತೆಂಟು. ನನಗೆ ಹೆಚ್ಚು, ಆಕೆಗೆ ಕಡಿಮೆ. ನಡುವೆ ಯಾರೂ ಇಲ್ಲ.

ಗಾಡಿಯ ಹುಡುಗ ಬಂದು ಆಯಿಯ ಮನೆಯಿಂದ ಡಬ್ಬಿ ಒಯ್ದ. ಗೋಡೆಯ ಈಚೆ ನಿಂತು ‘ತಮ್ಮಾ, ಅದು ನಂದೇ, ಇಲ್ಲೇ ಕೊಡು’ ಎಂದೆ. ಸ್ಕ್ಯಾನ್ ಆಗದೆ ಕೊಟ್ಟರೆ ತನ್ನ ಕೆಲಸ ಹೋಗುತ್ತದೆ ಎಂದು ಕೈಮುಗಿದ. ವಿಂಗಡಣೆ ಹೈದರಾಬಾದಿನಲ್ಲಿ. ಇಲ್ಲಿಂದ ಇನ್ನೂರ ಇಪ್ಪತ್ತು ಕಿಲೋಮೀಟರ್, ಬರುವಾಗ ಮತ್ತೆ ಅಷ್ಟೇ. ಪಾರ್ಸೆಲ್ ಸೇಡಂ ದಾಟಿತು. ತಾಂಡೂರಿನಲ್ಲಿ ಒಂದು ರಾತ್ರಿ ತಂಗಿತು. ಆ ಊರಿನವರೂ ತಮ್ಮ ತೊಗರಿಗೆ 2022ರಲ್ಲಿ ಜಿಐ ಪಡೆದವರು, ನಮ್ಮೂರ ರೊಟ್ಟಿಗೆ ಪಕ್ಕದೂರ ಬೇಳೆಯ ವಾಸನೆಯಾದರೂ ದಕ್ಕಿರಬೇಕು.

ಎಳ್ಳಮಾಸಿ ದಿನ ಹೊಲದಲ್ಲಿ ಚರಗ (ಭೂತಾಯಿಗೆ ಎಡೆ) ಚೆಲ್ಲಿ ಬನ್ನಿ ಗಿಡದ ಬುಡದಲ್ಲಿ ಊಟಕ್ಕೆ ಕೂತೆವು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಲೆ, ಶೇಂಗಾ ಹೋಳಿಗೆ, ಎಲ್ಲ ಆಯಿಯದೇ. ಹಿಂದಿನ ರಾತ್ರಿ ಗೋಡೆ ಮೇಲಿಂದ ಬಂದದ್ದು. ಎರಡನೇ ರೊಟ್ಟಿ ಮುರಿಯುವಾಗ ಫೋನ್ ಗುಂಯ್ ಎಂದಿತು: ‘ಶುಭ ಸುದ್ದಿ! ನಿಮ್ಮ ರೊಟ್ಟಿ ಹೈದರಾಬಾದ್ ತಲುಪಿದೆ.’

ಐದನೇ ದಿನ ಡಬ್ಬಿ ಮನೆಗೆ ಬಂತು. ಒಳಗೆ ಹತ್ತು ರೊಟ್ಟಿ ಇನ್ನೂರು ಚೂರಾಗಿದ್ದವು. ವಾಪಸ್ ಮಾಡಬೇಕೆಂದರೆ ವಸ್ತು ಕಳಿಸಿದಾಗಿನ ರೂಪದಲ್ಲೇ ಇರಬೇಕಂತೆ. ಸ್ಟಾರ್ ಕೊಡಿ ಎಂದು ದಿನಕ್ಕೆ ಮೂರು ಸಲ ಕೇಳುತ್ತಿದ್ದರು. ಅಷ್ಟರಲ್ಲಿ ಬೆಂಗಳೂರಿನ ಗಿರಾಕಿಯೊಬ್ಬರು ‘ರೊಟ್ಟಿ ತುಂಬ ಗಟ್ಟಿ, ಚಪಾತಿಯ ಹಾಗೆ ಮಡಚಲು ಬರುವುದಿಲ್ಲ’ ಎಂದು ಒಂದು ಸ್ಟಾರ್ ಒತ್ತಿಬಿಟ್ಟಿದ್ದರು.

ಚೂರುಗಳನ್ನು ಗೋಡೆ ಮೇಲಿಂದ ಆಯಿಗೆ ಕೊಟ್ಟೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟು ಅರ್ಧ ತಾಟು ನನಗೇ ತಿರುಗಿಸಿದಳು. ಆಮೇಲೆ ಆ್ಯಪ್‌ನವರ ದಪ್ಪ ರಟ್ಟಿನ ಡಬ್ಬಿಯನ್ನು ಎತ್ತಿ, ತಳ ಬಡಿದು, ಬೆಳಕಿಗೆ ಹಿಡಿದು ನೋಡಿದಳು.

‘ಮಾಲು ಭಾಳ ಚೊಲೊ ಅದ’ ಎಂದಳು. ‘ಇನ್ನೊಂದೆರಡು ಸಲ ತರಸ್ರಿ. ಬ್ಯಾಸಗ್ಯಾಗ ಹಪ್ಪಳ ತುಂಬಿ ಇಡ್ಲಿಕ್ಕೆ ಆತಾವ.’