ನೆಬ್ರಾಸ್ಕಾ ಫುಟ್‌ಬಾಲ್ ತಂಡ ಮೇಲೇಳುತ್ತಿದೆಯಾ? ಪರ–ವಿರೋಧ

ಪರ: ನಿಧಾನ ಇರಬಹುದು, ಆದರೆ ಏಳುತ್ತಿದೆ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಎಲ್ಲರೂ ಅದನ್ನೇ ಮುಂದಿಟ್ಟು ನನ್ನ ಬಾಯಿ ಮುಚ್ಚಿಸಲು ನೋಡುತ್ತಾರೆ. 2023ರಲ್ಲಿ 5 ಗೆಲುವು, 7 ಸೋಲು. 2024ರಲ್ಲಿ 7 ಗೆಲುವು, 6 ಸೋಲು. 2025ರಲ್ಲಿ ಮತ್ತೆ ಅದೇ 7, ಅದೇ 6. ಕೋಚ್ ಮ್ಯಾಟ್ ರೂಲ್ ಲಿಂಕನ್‌ಗೆ, ಅಂದರೆ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಈ ತಂಡದ ಊರಿಗೆ, ಬಂದು ಮೂರು ಸೀಸನ್ ಆಯಿತು. ಒಟ್ಟು 19 ಗೆಲುವು, 19 ಸೋಲು. "ಇದನ್ನು ಪ್ರಗತಿ ಅಂತೀಯಾ?" ಎಂದು ನಮ್ಮ ಮನೆಯವರೂ ಕೇಳುತ್ತಾರೆ. ಹೌದು, ಅಂತೀನಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಮೆರಿಕದ ಫುಟ್‌ಬಾಲ್. ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್, ನಾಲ್ಕು ಅವಕಾಶದಲ್ಲಿ 10 ಗಜ ಮುಂದೆ ಹೋಗಬೇಕು. ಕಾಲೇಜು ತಂಡಕ್ಕೆ ವರ್ಷಕ್ಕೆ 12 ಪಂದ್ಯ. ಆರು ಗೆದ್ದರೆ ಸೀಸನ್ ಕೊನೆಯಲ್ಲಿ 'ಬೌಲ್' ಎನ್ನುವ ಇನ್ನೊಂದು ಪಂದ್ಯ ಸಿಗುತ್ತದೆ. ನೆಬ್ರಾಸ್ಕಾ ರಾಜ್ಯದಲ್ಲಿ ಎನ್‌ಎಫ್‌ಎಲ್ (ದೇಶದ ದೊಡ್ಡ ವೃತ್ತಿಪರ ಲೀಗ್) ತಂಡವೇ ಇಲ್ಲ. ಇಡೀ ರಾಜ್ಯಕ್ಕೆ ಇದೊಂದೇ ದೊಡ್ಡ ತಂಡ, ಕಾರ್ನ್‌ಹಸ್ಕರ್ಸ್. ಮೆಕ್ಕೆಜೋಳದ ತೆನೆ ಸುಲಿಯುವವರು ಅಂತ ಅರ್ಥ. ಎಷ್ಟು ಚಂದದ ಹೆಸರು ಅಲ್ವಾ?

ತಂಡ ಈಗ ಎಲ್ಲಿದೆ ಎಂದು ಹೇಳುವ ಮೊದಲು ಎಲ್ಲಿಂದ ಬಿತ್ತು ಎಂದು ನೋಡಬೇಕು. 1970, 1971, 1994, 1995, 1997. ಐದು ಸಲ ದೇಶದ ಚಾಂಪಿಯನ್. ಟಾಮ್ ಆಸ್ಬೋರ್ನ್ 25 ವರ್ಷ ಕೋಚ್ ಆಗಿದ್ದರು. ಅಷ್ಟು ವರ್ಷದಲ್ಲಿ ಒಂದು ಸಲವೂ 9 ಗೆಲುವಿಗಿಂತ ಕೆಳಗೆ ಇಳಿಯಲಿಲ್ಲ. ಆಮೇಲೆ ಶುರುವಾಯಿತು ನೋಡಿ, ಕೋಚ್‌ಗಳನ್ನು ಕಳಿಸುವ ಚಾಳಿ. 2003ರಲ್ಲಿ ಫ್ರಾಂಕ್ ಸೋಲಿಚ್ 9 ಪಂದ್ಯ ಗೆದ್ದರೂ ಕಳಿಸಿದರು. ಬೋ ಪೆಲಿನಿ ಏಳು ವರ್ಷ, ಪ್ರತಿ ವರ್ಷ ಕನಿಷ್ಠ 9 ಗೆಲುವು, ಅವರನ್ನೂ ಕಳಿಸಿದರು. ಹಾಗೆ ಕಳಿಸಿ ಏನು ಸಿಕ್ಕಿತು? 2017ರಿಂದ 2023ರವರೆಗೆ ಸತತ ಏಳು ವರ್ಷ ಗೆಲುವಿಗಿಂತ ಸೋಲೇ ಜಾಸ್ತಿ.

ಹೀಗೆ ಆರು ವರ್ಷ ಹಾಳಾದ ಮನೆಗೆ ಬಂದವರು ರೂಲ್, ಏಳನೆಯದು ಅವರ ಮೊದಲ ವರ್ಷ. ಅವರು ಬಂದ ಎರಡನೇ ವರ್ಷವೇ ತಂಡ ಬೌಲ್ ತಲುಪಿತು, ನ್ಯೂಯಾರ್ಕ್‌ನಲ್ಲಿ ಬಾಸ್ಟನ್ ಕಾಲೇಜನ್ನು 20–15ರಿಂದ ಸೋಲಿಸಿತು. ಮೂರನೇ ವರ್ಷವೂ ಬೌಲ್ ತಲುಪಿತು. ಹಿಂದೆ ಕೋಚ್ ಆಗಿದ್ದ ಟೆಂಪಲ್ ಮತ್ತು ಬೇಲರ್ ವಿಶ್ವವಿದ್ಯಾಲಯಗಳು ಎರಡು ಕಡೆಯೂ ಅವರು ಪಾತಾಳದಿಂದಲೇ ಶುರು ಮಾಡಿದ್ದರು. ಬೇಲರ್‌ನಲ್ಲಿ ಮೊದಲ ವರ್ಷ 1 ಗೆಲುವು, 11 ಸೋಲು. ಕಟ್ಟುವುದು ಈ ಮನುಷ್ಯನಿಗೆ ಗೊತ್ತು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಒಂದು ವಿಷಯ. ದಯವಿಟ್ಟು ಇದನ್ನು ಗಮನಿಸಿ. 2021ರಲ್ಲಿ ಈ ತಂಡ 9 ಪಂದ್ಯ ಸೋತಿತು. ಒಂಬತ್ತೂ ಸೋಲು 9 ಅಂಕದೊಳಗೆ! ಮಿಷಿಗನ್ ಹತ್ತಿರ 3 ಅಂಕ, ಮಿಷಿಗನ್ ಸ್ಟೇಟ್ ಹತ್ತಿರ 3 ಅಂಕ, ಪರ್ಡ್ಯೂ ಹತ್ತಿರ 5. ಪ್ರತಿ ಶನಿವಾರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೊನೆಯ ಐದು ನಿಮಿಷ ಬಂತು ಎಂದರೆ ಹುಡುಗರ ಮುಖದಲ್ಲೇ ಸೋಲು ಕಾಣುತ್ತಿತ್ತು. ಈಗ 2025 ನೋಡಿ. ಸಿನ್ಸಿನಾಟಿ ಮೇಲೆ 20–17, ಕೊನೆಯಲ್ಲಿ ಎದುರಾಳಿಯ ಪಾಸನ್ನು ನಮ್ಮವರೇ ಹಿಡಿದು ಪಂದ್ಯ ಮುಗಿಸಿದರು. ಮೇರಿಲ್ಯಾಂಡ್ ಮೇಲೆ ಅವರ ಊರಲ್ಲೇ 34–31. ನಾರ್ತ್‌ವೆಸ್ಟರ್ನ್ ಮೇಲೆ 28–21. ಯುಸಿಎಲ್‌ಎ ಮೇಲೆ 28–21, ಅದೂ ಮುಖ್ಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕಾಲು ಮುರಿದುಕೊಂಡು ಕೂತಿದ್ದಾಗ, ಮೊದಲ ವರ್ಷದ ಹುಡುಗ ಟಿಜೆ ಲಟೀಫ್ ಮೊದಲ ಸಲ ಆಟ ಶುರು ಮಾಡಿ ಮೂರು ಟಚ್‌ಡೌನ್ ಪಾಸ್ ಎಸೆದ (ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್). ಇಂಥ ನಾಲ್ಕು ಪಂದ್ಯವನ್ನು 2021ರ ತಂಡ ಖಂಡಿತ ಸೋಲುತ್ತಿತ್ತು. ಹೆದರದೆ ಮುಗಿಸುವುದನ್ನು ಈ ಹುಡುಗರು ಕಲಿತಿದ್ದಾರೆ. ಗೆಲುವಿನ ಸಂಖ್ಯೆ ಅದೇ 7 ಇರಬಹುದು, ತಂಡ ಅದೇ ಅಲ್ಲ.

ಚೆಂಡು ಹಿಡಿದು ಓಡುವ ಎಮೆಟ್ ಜಾನ್ಸನ್‌ನನ್ನೂ ನೋಡಿ. 2022ರಿಂದ ಲಿಂಕನ್‌ನಲ್ಲೇ ಇದ್ದು, ಕಾದು, ಬೆಳೆದು, 2025ರಲ್ಲಿ 1,451 ಗಜ ಓಡಿದ. ಈಗಿನ ಕಾಲದಲ್ಲಿ ಹುಡುಗರು ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆ. ಹಾಗಿರುವಾಗ ಒಂದೇ ಕಡೆ ಬೆಳೆದ ಆಟಗಾರ ಎಂದರೆ ಅಲ್ಲಿ ಬೆಳೆಸುವವರು ಇದ್ದಾರೆ ಎಂದೇ ಅರ್ಥ. ರೂಲ್ ಕೂಡ ಉಳಿದರು. ಅವರು ಓದಿದ ಪೆನ್ ಸ್ಟೇಟ್‌ನಲ್ಲಿ ಕೋಚ್ ಜಾಗ ಖಾಲಿ ಆದಾಗ ಅವರ ಹೆಸರು ಓಡಾಡಿತು. ಅವರು 2032ರವರೆಗೆ ಇಲ್ಲೇ ಇರುವ ಒಪ್ಪಂದಕ್ಕೆ ಸಹಿ ಹಾಕಿದರು.

ಹೊಸ ಕೋಚ್ ಬಂದ ಎರಡೇ ವರ್ಷಕ್ಕೆ ದೇಶದ ಚಾಂಪಿಯನ್ ಆದ ಇಂಡಿಯಾನಾ ತಂಡದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ಒಂದೇ ಒಂದು ಉದಾಹರಣೆ. ಒಬ್ಬನಿಗೆ ಲಾಟರಿ ಹೊಡೆಯಿತು ಎಂದು ಊರವರೆಲ್ಲ ದುಡಿಮೆ ಬಿಡುವುದಕ್ಕೆ ಆಗುತ್ತಾ? ಅದನ್ನು ಅಲ್ಲಿಗೇ ಬಿಡೋಣ.

ಈಗ ಜನರ ವಿಷಯ. 1962ರಿಂದ ಇವತ್ತಿನವರೆಗೆ ಲಿಂಕನ್‌ನ ಮೆಮೋರಿಯಲ್ ಸ್ಟೇಡಿಯಂನ ಟಿಕೆಟ್ ಒಂದು ಪಂದ್ಯಕ್ಕೂ ಉಳಿದಿಲ್ಲ. 2024ರಲ್ಲೇ 400 ಪಂದ್ಯ ದಾಟಿತು. 2023ರ ಆಗಸ್ಟ್ 30ರಂದು ಅದೇ ಸ್ಟೇಡಿಯಂನಲ್ಲಿ ಹೆಣ್ಣುಮಕ್ಕಳ ವಾಲಿಬಾಲ್ ಪಂದ್ಯ ನೋಡಲು 92,003 ಜನ ಬಂದಿದ್ದರು. ನಾನೂ ಇದ್ದೆ. ಇಂಥ ಊರಲ್ಲಿ ತಂಡ ಸಾಯುವುದಿಲ್ಲ.

ಇದನ್ನು ನನಗೆ ಕಲಿಸಿದ್ದು ನಮ್ಮ ಪಕ್ಕದ ಮನೆಯ ಅಜ್ಜಿ. ವಯಸ್ಸು 80 ದಾಟಿದೆ. ಅವರ ಮನೆಗೆ ಅರವತ್ತರ ದಶಕದಿಂದ ಎರಡು ಸೀಸನ್ ಟಿಕೆಟ್ ಇದೆ. ಗಂಡ ತೀರಿಕೊಂಡ ಮೇಲೂ ಅವರು ಎರಡನ್ನೂ ಬಿಡಲಿಲ್ಲ. 2024ರ ನವೆಂಬರ್‌ನಲ್ಲಿ ತೀರ್ಥಹಳ್ಳಿಯಿಂದ ನಮ್ಮಪ್ಪ ಬಂದಿದ್ದರು. ಮನೆಯಲ್ಲೇ ಕೂತು ಅವರಿಗೆ ಬೇಜಾರು ಹಿಡಿದಿತ್ತು, ತೋಟ ಇಲ್ಲ, ಮಾತಾಡಲು ಜನ ಇಲ್ಲ. ಒಂದು ದಿನ ಅಜ್ಜಿ ಬಾಗಿಲು ತಟ್ಟಿ "ನಿನ್ನ ತಂದೆಯನ್ನು ಶನಿವಾರ ನನ್ನ ಜೊತೆ ಕಳಿಸು" ಎಂದರು. ವಿಸ್ಕಾನ್ಸಿನ್ ಪಂದ್ಯ. ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು, ಮೇಲೆ ಅಜ್ಜಿ ಕೊಟ್ಟ ಅವರ ಗಂಡನ ಕೆಂಪು ಜಾಕೆಟ್ ತೊಟ್ಟು ಹೊರಟರು. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಇಬ್ಬರೂ ಏನು ಮಾತಾಡಿಕೊಂಡರೋ ದೇವರೇ ಬಲ್ಲ. ಅವತ್ತು 44–25. 2012ರ ನಂತರ ವಿಸ್ಕಾನ್ಸಿನ್ ಮೇಲೆ ಮೊದಲ ಗೆಲುವು, ಆ ಸೀಸನ್‌ನ ಆರನೇ ಗೆಲುವು, ಎಂಟು ವರ್ಷದ ಮೇಲೆ ಬೌಲ್‌ಗೆ ದಾರಿ. ಅಜ್ಜಿ ಅತ್ತರಂತೆ. ಅಪ್ಪ ಮನೆಗೆ ಬಂದವರೇ ಬೂಟು ಕೂಡ ಬಿಚ್ಚದೆ "ಪುಟ್ಟೀ, ಆಯಮ್ಮ ಎಂಟು ವರ್ಷ ಇದಕ್ಕೇ ಕಾದಿದ್ದಾರೆ ಕಣೇ" ಎಂದರು.

ಆಮೇಲೆ ಊಟ ಮಾಡುತ್ತಾ ನಮ್ಮವರು ಅದೇ ರಾಗ ತೆಗೆದರು, ಈ ಕೋಚ್ ಸಾಲದು, ಇಷ್ಟು ದುಡ್ಡು ಕೊಟ್ಟು ಬರೀ ಆರು ಗೆಲುವಾ ಅಂತ. ಅಪ್ಪ ಅಳಿಯನಿಗೆ ಎದುರು ಮಾತಾಡುವವರಲ್ಲ. ಅವತ್ತು ಮಾತಾಡಿದರು. "ಅಲ್ರೀ, ಅಡಿಕೆ ಸಸಿ ನೆಟ್ಟು ಎರಡು ವರ್ಷಕ್ಕೆ ಹಿಂಗಾರ ಬಿಟ್ಟಿಲ್ಲ ಅಂತ ಯಾರಾದ್ರೂ ಕಿತ್ತು ಹಾಕ್ತಾರಾ? ನೀವು ಪ್ರತಿ ಸಲ ಕಿತ್ತು ಕಿತ್ತೇ ಅಲ್ವಾ ತೋಟ ಬರಿದಾಗಿದ್ದು?" ಆಟವನ್ನು ಅದೇ ಮೊದಲು ನೋಡಿದವರು ಅವರು!

ಈಗ ಅಪ್ಪ ಊರಲ್ಲಿದ್ದಾರೆ. ಭಾನುವಾರ ಬೆಳಗಿನ ಜಾವ ಅಲ್ಲಿ ಕಾಫಿ ಕುಡಿಯುವ ಹೊತ್ತಿಗೆ ಇಲ್ಲಿ ಶನಿವಾರ ಸಂಜೆ ಪಂದ್ಯ ಮುಗಿದಿರುತ್ತದೆ. ಫೋನ್ ಬರುತ್ತದೆ, "ಏನಾಯ್ತೇ ಕೆಂಪಿನವರದ್ದು?" 2025ರ ಕೊನೆಯ ದಿನ ಲಾಸ್ ವೇಗಸ್‌ನಲ್ಲಿ ಯೂಟಾ ಕೈಲಿ 44–22 ಸೋತ ಸುದ್ದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಅಜ್ಜಿ ಟಿಕೆಟ್ ಮತ್ತೆ ತಗೊಂಡ್ರಾ?" ಎಂದರು. ತಗೊಂಡಿದ್ದಾರೆ ಅಪ್ಪಾ, ಎರಡೂ.

ವಿರೋಧ: ಏಳಕ್ಕೇ ನಿಂತಿದೆ

ಈ ಕಡೆಯಿಂದ ಬರೆಯುತ್ತೀರಾ ಎಂದು ನನ್ನನ್ನು ಕೇಳಿದಾಗ ಎರಡು ದಿನ ಯೋಚಿಸಿದೆ. 2012ರಲ್ಲಿ ಎಂಎಸ್ ಮಾಡಲು ಲಿಂಕನ್‌ಗೆ ಬಂದವನು ನಾನು. ಈಗ ಒಮಾಹಾದಲ್ಲಿ ಕೆಲಸ. ಈ ತಂಡ ಗೆಲ್ಲಲಿ ಎಂದು ಬಯಸುವವನೇ. ಆದರೆ ವಿರೋಧದ ಮಾತನ್ನೂ ಯಾರಾದರೂ ನೇರವಾಗಿ ಹೇಳಬೇಕು, ಹೇಳುತ್ತೇನೆ.

ಪರವಾಗಿ ಬರೆಯುವವರು ಏನು ಹೇಳುತ್ತಾರೆ ಎಂದು ನನಗೆ ಗೊತ್ತು. ಸ್ಟೇಡಿಯಂ ತುಂಬುತ್ತದೆ, ಜನ ಒಳ್ಳೆಯವರು, ತಾಳ್ಮೆ ಇರಲಿ. ಜನ ಒಳ್ಳೆಯವರು, ಒಪ್ಪುತ್ತೇನೆ. ಆದರೆ ಜನ ಬಂದರೆ ತಂಡ ಚೆನ್ನಾಗಿದೆ ಎಂದು ಅರ್ಥವಾ?

ತಾಳ್ಮೆಗೂ ಒಂದು ಲೆಕ್ಕ ಬೇಕು. ರೂಲ್ ಅವರ ಹಿಂದಿನ ದಾಖಲೆಯನ್ನೇ ತೆಗೆದುಕೊಳ್ಳಿ. ಟೆಂಪಲ್‌ನಲ್ಲಿ 2, 6, ಮೂರನೇ ವರ್ಷ 10 ಗೆಲುವು. ಬೇಲರ್‌ನಲ್ಲಿ 1, 7, ಮೂರನೇ ವರ್ಷ 11 ಗೆಲುವು. ಮೂರನೇ ವರ್ಷ ನೋಡಿ ಎಂದು ನಮಗೆಲ್ಲ ಹೇಳಿದ್ದು ಇದನ್ನು ತೋರಿಸಿಯೇ. ನೆಬ್ರಾಸ್ಕಾದಲ್ಲಿ 5, 7, ಮೂರನೇ ವರ್ಷ 7. ನಾನು ಕಾದೆ, ಮೂರನೇ ವರ್ಷ ಬಂತು, ಹೋಯಿತು.

ಇನ್ನೊಂದು ಲೆಕ್ಕ. ದೇಶದ ಮೊದಲ 25 ತಂಡಗಳ ಪಟ್ಟಿಯಲ್ಲಿ ಇರುವ ಒಂದು ತಂಡವನ್ನು ನೆಬ್ರಾಸ್ಕಾ ಕೊನೆಯ ಸಲ ಸೋಲಿಸಿದ್ದು 2016ರ ಸೆಪ್ಟೆಂಬರ್‌ನಲ್ಲಿ, ಒರೆಗಾನ್ ಮೇಲೆ. ಆಮೇಲೆ ಇಲ್ಲ. ಒಂದೂ ಇಲ್ಲ. 2025ರಲ್ಲಿ ಮಿಷಿಗನ್ ಬಂತು, 30–27 ಸೋಲು. ಯುಎಸ್‌ಸಿ ಬಂತು, 21–17 ಸೋಲು. ಕಷ್ಟಪಟ್ಟು ಗೆದ್ದ ಪಂದ್ಯಗಳೆಲ್ಲ ಆ ಪಟ್ಟಿಯ ಹೊರಗಿನ ತಂಡಗಳ ಮೇಲೆ. ಕೊನೆಯ ಮೂರು ಪಂದ್ಯ ಹೇಗಿತ್ತು? ಪೆನ್ ಸ್ಟೇಟ್ 37–10, ಐಯೋವಾ 40–16, ಯೂಟಾ 44–22. ಮೂರೂ ಸೋಲು, ಮೂರರಲ್ಲೂ ಹತ್ತಿರಕ್ಕೂ ಬರಲಿಲ್ಲ. ಏಳುತ್ತಿರುವ ತಂಡ ಸೀಸನ್ ಕೊನೆಗೆ ಗಟ್ಟಿಯಾಗಬೇಕು. ಇದು ಪ್ರತಿ ವರ್ಷ ನವೆಂಬರ್‌ನಲ್ಲಿ ಕರಗುತ್ತದೆ.

ಆಮೇಲೆ ಇಂಡಿಯಾನಾ. ಇದನ್ನು ಸುಮ್ನೆ ಪಕ್ಕಕ್ಕೆ ತಳ್ಳಲು ಆಗುವುದಿಲ್ಲ. 2023ರಲ್ಲಿ ಅದು 3 ಗೆಲುವು, 9 ಸೋಲಿನ ತಂಡ. ನೆಬ್ರಾಸ್ಕಾದ ಹಾಗೆ ಐದು ಚಾಂಪಿಯನ್‌ಶಿಪ್‌ಗಳ ಹೆಸರೂ ಅದಕ್ಕಿರಲಿಲ್ಲ. ಕರ್ಟ್ ಸಿಗ್ನೆಟ್ಟಿ ಬಂದರು. ಮೊದಲ ವರ್ಷ 11 ಗೆಲುವು, ಅದರಲ್ಲಿ ಒಂದು ನಮ್ಮ ಮೇಲೆ 56–7. ಎರಡನೇ ವರ್ಷ 16ಕ್ಕೆ 16, ದೇಶದ ಚಾಂಪಿಯನ್. ಎರಡೇ ವರ್ಷ! ನಾವು ಆಡುವ ಅದೇ ಬಿಗ್ ಟೆನ್ ಲೀಗ್‌ನಲ್ಲಿ, ಅದೇ ನಿಯಮದಲ್ಲಿ. ಆಟಗಾರರು ಕಾಲೇಜು ಬದಲಿಸುವುದು ಸುಲಭವಾದ ಮೇಲೆ ತಂಡ ಕಟ್ಟಲು ಐದಾರು ವರ್ಷ ಬೇಕು ಎನ್ನುವುದು ಹಳೆಯ ಮಾತಾಯಿತು. ಎರಡು ವರ್ಷ ಸಾಕು.

ಆ ಬದಲಾವಣೆ ನಮ್ಮನ್ನೂ ಹೊಡೆದಿದೆ. ಕ್ವಾರ್ಟರ್‌ಬ್ಯಾಕ್ ಡಿಲನ್ ರಯೋಲಾ 2024ರಲ್ಲಿ ಬಂದಾಗ ಇಡೀ ರಾಜ್ಯಕ್ಕೆ ಹಬ್ಬ. ಅವನ ತಂದೆ ಇದೇ ತಂಡಕ್ಕೆ ಆಡಿದವರು. ಎರಡು ಸೀಸನ್ ಆಡಿ ಒರೆಗಾನ್‌ಗೆ ಹೋದ. 1,451 ಗಜ ಓಡಿದ ಜಾನ್ಸನ್ ಕೂಡ ಎನ್‌ಎಫ್‌ಎಲ್ ಕಡೆ ಹೋದ. ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಟೋನಿ ವೈಟ್ ಫ್ಲಾರಿಡಾ ಸ್ಟೇಟ್‌ಗೆ ಹೋದರು. ಜಾನ್ ಬಟ್ಲರ್‌ಗೆ ಕೊಟ್ಟರು, ಒಂದು ಸೀಸನ್ ಆಗುತ್ತಲೇ ಅವರನ್ನೂ ಕಳಿಸಿದರು. ಅಡಿಪಾಯ ಹಾಕುತ್ತಿದ್ದೇವೆ ಎನ್ನುತ್ತಾರೆ, ಪ್ರತಿ ವರ್ಷ ಹೊಸ ಅಡಿಪಾಯ.

ಒಂದು ರಾತ್ರಿಯ ವಿಷಯ ಹೇಳಿ ಮುಗಿಸುತ್ತೇನೆ. 2024ರ ಥ್ಯಾಂಕ್ಸ್‌ಗಿವಿಂಗ್ ಮರುದಿನ ಮಗಳನ್ನು ಕರೆದುಕೊಂಡು ಐಯೋವಾ ಸಿಟಿಗೆ ಹೋಗಿದ್ದೆ. ಒಮಾಹಾದಿಂದ ಸುಮಾರು ನಾಲ್ಕು ತಾಸಿನ ದಾರಿ. ಮೈ ಕೊರೆಯುವ ಚಳಿ. ಅವಳಿಗೆ ಆಗ ಎಂಟು ವರ್ಷ. ಅರ್ಧ ಆಟಕ್ಕೆ ನಮ್ಮವರು 10–0 ಮುಂದಿದ್ದರು. ಐಯೋವಾದವರಿಗೆ ಚೆಂಡು ಮುಂದೆ ಸಾಗಿಸಲೇ ಆಗುತ್ತಿರಲಿಲ್ಲ. ಮಗಳು ಕುಣಿಯುತ್ತಿದ್ದಳು. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟ, ಯಾಕೆಂದರೆ ಹಿಂದಿನ ವರ್ಷ ಲಿಂಕನ್‌ನಲ್ಲಿ ಇದೇ ಐಯೋವಾ ಕೊನೆಯ ಕ್ಷಣದ ಫೀಲ್ಡ್ ಗೋಲ್‌ನಿಂದ (ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸುವ 3 ಅಂಕ) 13–10 ಗೆದ್ದದ್ದನ್ನು ನೋಡಿದ್ದೆ. ಮತ್ತೆ ಹಾಗೇ ಆಯಿತು. 10–10 ಆಯಿತು, ಕೊನೆಯಲ್ಲಿ ನಮ್ಮವರ ಕೈಯಿಂದ ಚೆಂಡು ಜಾರಿತು, ಅವರು 53 ಗಜದಿಂದ ಒದ್ದರು, ಒಳಗೆ ಹೋಯಿತು. 13–10. ಎರಡು ವರ್ಷ, ಅದೇ ಎದುರಾಳಿ, ಅದೇ ಅಂಕ, ಅದೇ ಕೊನೆಯ ಕ್ಷಣ.

ವಾಪಸ್ ಬರುವಾಗ ಮಗಳು ಡೆ ಮೊಯಿನ್ ದಾಟುವವರೆಗೆ ಮಾತಾಡಲಿಲ್ಲ. ಆಮೇಲೆ "ಅಪ್ಪಾ, ಅವರಿಗೆ ಗೆಲ್ಲೋಕೆ ಬರಲ್ವಾ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳಿಗೆ ಈಗ ಒಂಬತ್ತು ತುಂಬಿದೆ. ಮತ್ತೆ ಐಯೋವಾ ಸಿಟಿಗೆ ಹೋಗೋಣ ಎಂದು ಈಗಲೇ ಕೇಳುತ್ತಿದ್ದಾಳೆ. ನಾನು ಇನ್ನೂ ಹೂಂ ಅಂದಿಲ್ಲ.