ಸೊನ್ನೆ ರೂಪಾಯಿ ಟಿಕೆಟ್ಟು, ಫುಲ್ ಟಿಕೆಟ್ಟು

ಸಹಭಾಗಿತ್ವದ ತರಬೇತಿಯಲ್ಲಿ ಭಾಷಣ ಇರಬಾರದು. ವೇದಿಕೆ ಇರಬಾರದು, ಎಲ್ಲರೂ ನೆಲದ ಮೇಲೆ ಗುಂಡಗೆ ಕೂರಬೇಕು. ಕಲಿಸುವವರು, ಕಲಿಯುವವರು ಅನ್ನುವ ಭೇದವಂತೂ ಇರಲೇಬಾರದು. ಇಷ್ಟೆಲ್ಲ 'ಇರಬಾರದು'ಗಳನ್ನು ಹೊಂದಿಸೋಕೆ ಎಷ್ಟು ಓಡಾಡಬೇಕು ಅಂತ ಯಾವ ಕೈಪಿಡಿಯಲ್ಲೂ ಬರೆದಿರುವುದಿಲ್ಲ.

ಹಿರಿಯೂರು ಕಡೆಯ ಒಂದು ಸಮುದಾಯ ಭವನದಲ್ಲಿ ನಮ್ಮ ಶಿಬಿರ. ಬಾಲ್ಯವಿವಾಹ ತಡೆಯೋದು, ಸಂಘ ಕಟ್ಟೋದು ಅಂತ ಹಳ್ಳಿಗಳಲ್ಲಿ ಓಡಾಡುವ ಹುಡುಗಿಯರಿಗೆ. ಭವನದವರು ಅದೇ ದಿನ ಒಂದು ನಾಮಕರಣಕ್ಕೂ ಒಪ್ಪಿಬಿಟ್ಟಿದ್ದರು. "ಊಟಕ್ಕೆಲ್ಲ ಮುಗೀತದೆ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕಳಿ" ಅಂದರು. ಮಾಡಿಕೊಂಡೆವು. ವೇದಿಕೆ ಮೇಲೆ ತೊಟ್ಟಿಲು, ಕೆಳಗೆ ನಾವು. ಮೈಕಿನಲ್ಲಿ ಜೋಗುಳ ಕೇಳುತ್ತಿರುವಾಗ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ವಿವರಿಸುವುದು ಅಷ್ಟು ಸುಲಭವಲ್ಲ.

ಇನ್ನು ಕಾವಲಿನವರು. ರಾತ್ರಿ ಹೊರಗೆ ಉಳಿಯಲು ಮನೆಯವರು ಒಪ್ಪಿದ್ದೇ 'ಜೊತೆಗೆ ಯಾರಾದ್ರೂ ಬರ್ತಾರೆ' ಅನ್ನುವ ಷರತ್ತಿನ ಮೇಲೆ. ಅಮ್ಮಂದಿರು ಬಂದರು, ಅಜ್ಜಿಯರು ಬಂದರು. ಒಬ್ಬಳು ಡಿಗ್ರಿ ಓದುತ್ತಾಳೆ, ತಹಶೀಲ್ದಾರರ ಎದುರು ನಿಂತು ಮನವಿ ಓದಿ ಬಂದವಳು. ಅವಳ ರಕ್ಷಣೆಗೆ ಎಂಟನೇ ಕ್ಲಾಸಿನ ತಮ್ಮ! ಅವನನ್ನು ಈರುಳ್ಳಿ ಹೆಚ್ಚೋಕೆ ಕೂರಿಸಿದೆವು. ಶಿಬಿರದಲ್ಲಿ ಮೊದಲು ಕಣ್ಣೀರು ಹಾಕಿದ್ದು ಅವನೇ.

ದಿನದ ಗಡಿಯಾರ ಅಂತ ಒಂದು ಚಟುವಟಿಕೆ ಇದೆ. ಹಾಳೆ ಮೇಲೆ ದೊಡ್ಡ ವೃತ್ತ ಬರೆದು, 24 ಗಂಟೆ ಭಾಗ ಮಾಡಿ, ಯಾವ ಹೊತ್ತಿಗೆ ಏನು ಕೆಲಸ ಅಂತ ಬಣ್ಣ ತುಂಬಬೇಕು. ಹೆಂಗಸರ ಸಂಬಳವಿಲ್ಲದ ದುಡಿಮೆ ಕಣ್ಣಿಗೆ ಕಾಣಲಿ ಅಂತ. ಹುಡುಗಿಯರು ಬಣ್ಣ ಆರಿಸುತ್ತ ಕೂತಿದ್ದಾಗ ಒಬ್ಬ ಅಜ್ಜಿ ಮುಂದೆ ಬಂದು "ನಂದೂ ಬರಿಯವ್ವ" ಅಂದರು. ಹಸು, ನೀರು, ರೊಟ್ಟಿ, ಕಳೆ, ಮೊಮ್ಮಕ್ಕಳು ಎಲ್ಲ ಸೇರಿ ಗಡಿಯಾರ ತುಂಬಿಹೋಯಿತು. "ನಿದ್ದೆ ಯಾವಾಗ ಅಜ್ಜಿ?" ಅಂದೆ. "ಬೆಳಗ್ಗೆ ನೀವು ಮಾತಾಡ್ತಿದ್ರಲ್ಲ, ಆಗ ಒಂದೀಟು ಮಾಡ್ದೆ. ಅದ್ನೂ ಬರೀಬೇಕಾ?"

ಮಧ್ಯಾಹ್ನದ ಆಟ ನನಗೆ ಬಹಳ ಇಷ್ಟದ್ದು. ಎಲ್ಲರಿಗೂ ಒಂದೊಂದು ಚೀಟಿ. ಕೂಲಿ ಹೆಂಗಸು, ಡಾಕ್ಟರು, ಜಮೀನ್ದಾರ, ಹೀಗೆ. 'ನನಗೆ ಬೇಕಾದ ಕಡೆ ನಾನೇ ಹೋಗಬಲ್ಲೆ' ಅಂದಾಗ ಹೌದು ಅನ್ನುವವರು ಒಂದು ಹೆಜ್ಜೆ ಮುಂದೆ ಬರಬೇಕು. ಸಾಲು ಚದುರಿತು. ಗ್ರಾಮ ಪಂಚಾಯಿತಿ ಅಧ್ಯಕ್ಷೆಯ ಚೀಟಿ ಸಿಕ್ಕ ಹುಡುಗಿ ಮಾತ್ರ ನಿಂತಲ್ಲೇ ನಿಂತಿದ್ದಳು. ನಮ್ಮ ಪಂಚಾಯಿತಿಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು, ನೀನು ಮುಂದೆ ಬರಬೇಕಲ್ವಾ ಅಂದರೆ, "ಇರಿ ಮೇಡಂ, ಅಧ್ಯಕ್ಷರ ಯಜಮಾನ್ರು ಇನ್ನೂ ಬಂದಿಲ್ಲ" ಅಂದಳು. ನಾನು ತಯಾರಿಸಿಕೊಂಡಿದ್ದ ಅರ್ಧ ಗಂಟೆಯ ವಿವರಣೆ ಅಲ್ಲಿಗೆ ದಂಡ.

ಮಾರನೇ ದಿನ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದದೊಳಗೆ ಇರಬೇಕು, ಶುಲ್ಕ 10 ರೂಪಾಯಿ. ಒಂದು ಗುಂಪಿನವರದ್ದು ತಮ್ಮೂರಿಗೆ ಬರುತ್ತಿದ್ದ ಸಂಜೆ ಬಸ್ಸು ಯಾಕೆ ನಿಂತಿತು ಅನ್ನುವ ಪ್ರಶ್ನೆ. 'ಮಾನ್ಯರೇ, ತಮ್ಮಲ್ಲಿ ಕೈಮುಗಿದು ಸವಿನಯವಾಗಿ ಬೇಡಿಕೊಳ್ಳುವುದೇನೆಂದರೆ' ಅಂತ ಶುರುವಾದ ಅರ್ಜಿ ಬಸ್ಸಿನ ಹತ್ತಿರ ಬರುವಷ್ಟರಲ್ಲಿ ಪದಗಳೇ ಮುಗಿದಿದ್ದವು. ಈರುಳ್ಳಿ ಹುಡುಗನ ಅಕ್ಕ ಪೆನ್ನು ತಗೊಂಡು ಸರಸರ ಗೀಟು ಹಾಕಿದಳು. "ಬೇಡೋದನ್ನ ತೆಗೀರಿ, ಬಸ್ಸಿಗೆ ಜಾಗ ಆಗುತ್ತೆ."

ಶಿಬಿರ ಮುಗಿಯಿತು, ಲೆಕ್ಕ ಉಳಿಯಿತು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟು ಉಚಿತ ಮಾಡಿದ ಶಕ್ತಿ ಯೋಜನೆ ಬಂದಿದ್ದು 2023ರ ಜೂನಿನಲ್ಲಿ. ನಮಗೆ ಹಣ ಕೊಡುವವರ ನಮೂನೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. 'ಪ್ರಯಾಣ ವೆಚ್ಚ' ಅನ್ನುವ ಕಾಲಮ್ಮು ದೊಡ್ಡದಾಗಿಯೇ ಇದೆ. ಹುಡುಗಿಯರು, ಅಮ್ಮಂದಿರು, ಅಜ್ಜಿಯರು ಎಲ್ಲರೂ ಆಧಾರ್ ತೋರಿಸಿ ಬಂದವರು. ಸೊನ್ನೆ ರೂಪಾಯಿ ಟಿಕೆಟ್ಟುಗಳನ್ನೇ ಹಾಳೆಗೆ ಅಂಟಿಸಿ, ಕೂಡಿಸಿ, ಸೊನ್ನೆ ಅಂತ ಬರೆದು ಸಹಿ ಹಾಕಿದೆ. ದುಡ್ಡು ಕೊಟ್ಟು ಬಂದಿದ್ದವನು ಒಬ್ಬನೇ, ಆ ತಮ್ಮ. ಫುಲ್ ಟಿಕೆಟ್ಟು.

ಈಗ ಲೆಕ್ಕ ನೋಡುವವರಿಂದ ಪತ್ರ ಬಂದಿದೆ: ಮಹಿಳೆಯರ ಶಿಬಿರದಲ್ಲಿ ಪ್ರಯಾಣದ ಹಣವನ್ನೆಲ್ಲ ಒಬ್ಬ ಗಂಡಸಿಗೇ ಕೊಟ್ಟಿದ್ದೇಕೆ? 'ಭದ್ರತೆ ಮತ್ತು ಈರುಳ್ಳಿ' ಅಂತ ಬರೆದು ಕಳಿಸಿದ್ದೇನೆ.